ನಿಯಮ ಎಲ್ಲಿಂದ ಬಂತು ಅಂತ ಮಾಡೆಲ್‌ನಲ್ಲಿ ಹೇಳೋದು ಹೇಗೆ?

ತುಂಬೆಹೂ:
ಎಲ್ಲರಿಗೂ ನಮಸ್ಕಾರ. ಎಕನಾಮಿಕ್ಸ್‌ನಲ್ಲಿ ಪಿಎಚ್‌ಡಿ ಮಾಡ್ತಿದೀನಿ, ವಿಷಯ ಎಲ್ಲರೂ ಹಂಚ್ಕೊಂಡು ಬಳಸೋ ಸಂಪನ್ಮೂಲ, ಅಂದ್ರೆ ಹುಲ್ಲುಗಾವಲು, ಮೀನು, ನೀರಾವರಿ ನೀರು ಇಂಥವು. ಒಂದು ಕಡೆ ಸಿಕ್ಕಾಕೊಂಡಿದೀನಿ, ಇದರಲ್ಲಿ ಪಳಗಿದವರು ಇಲ್ಲಿ ತುಂಬಾ ಜನ ಇದೀರಿ ಅಂತ ಕೇಳ್ತಿದೀನಿ.

ನನ್ನ ಮಾಡೆಲ್‌ನಲ್ಲಿ, ಅಂದ್ರೆ ಜನ ಹೇಗೆ ನಡ್ಕೋತಾರೆ ಅಂತ ಗಣಿತದಲ್ಲಿ ಬರೆದಿರೋದ್ರಲ್ಲಿ, ಒಂದು ನಿಯಮ ಇದೆ. ಒಬ್ಬೊಬ್ಬರು ಇಷ್ಟೇ ತಗೋಬೇಕು, ಜಾಸ್ತಿ ತಗೊಂಡ್ರೆ ದಂಡ. ಮೊದಲು ದಂಡಾನ ಸುಮ್ನೆ ಒಂದು ಪ್ಯಾರಾಮೀಟರ್ (ಹೊರಗಿಂದ ನಾನೇ ಕೊಟ್ಟ ಅಂಕಿ) ಅಂತ ಹಾಕಿದ್ದೆ, ಫಲಿತಾಂಶ ಅಚ್ಚುಕಟ್ಟಾಗಿ ಬರ್ತಿತ್ತು. ಸೆಮಿನಾರ್‌ನಲ್ಲಿ ಒಬ್ಬರು ಕೇಳಿದ್ರು, ದಂಡ ಹಾಕೋನು ಯಾರು, ಅವನಿಗೇನು ಲಾಭ, ಲಂಚ ತಗೊಂಡು ಸುಮ್ನಿದ್ಬಿಟ್ರೆ ಏನ್ ಮಾಡ್ತೀರಿ ಅಂತ. ಸರಿ, ದಂಡ ಹಾಕೋನನ್ನೂ ಆಟಗಾರ ಮಾಡ್ದೆ. ಆಗ ಅವನನ್ನ ಕಾಯೋನು ಯಾರು ಅನ್ನೋ ಪ್ರಶ್ನೆ ಬಂತು, ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ, ಇದಕ್ಕೆ ಕೊನೆನೇ ಇಲ್ಲ. ಹೊರಗಿನವರು ಯಾರೂ ಬೇಡ ಅಂತ ಎಲ್ಲಾನೂ ರಿಪೀಟೆಡ್ ಗೇಮ್ (ಅದೇ ಜನ ಮತ್ತೆ ಮತ್ತೆ ಆಡೋ ಆಟ) ಮಾಡ್ದೆ. ಈಗ ಫೋಕ್ ಥಿಯರಂ ಅಡ್ಡ ಬಂದಿದೆ, ಜನಕ್ಕೆ ಸಾಕಷ್ಟು ತಾಳ್ಮೆ ಇದ್ರೆ ಹೆಚ್ಚುಕಮ್ಮಿ ಏನು ಬೇಕಾದ್ರೂ ಇಕ್ವಿಲಿಬ್ರಿಯಂ (ಒಬ್ಬನೇ ನಡೆ ಬದಲಾಯಿಸಿದ್ರೆ ಅವನಿಗೆ ಲಾಭ ಇಲ್ಲದ ಸ್ಥಿತಿ) ಆಗುತ್ತೆ.

ನಿಯಮಾನ ಹೊರಗಿಂದ ತಂದಿಟ್ರೆ ಜನ ಅದನ್ನ ಯಾಕೆ ಪಾಲಿಸ್ತಾರೆ ಅಂತ ಹೇಳೋಕಾಗಲ್ಲ, ಒಳಗಿಂದಲೇ ಹುಟ್ಟಿಸಿದ್ರೆ ಬೇರೆ ನಿಯಮ ಬಿಟ್ಟು ಇದೇ ಯಾಕೆ ಅಂತ ಹೇಳೋಕಾಗಲ್ಲ. ನೀವೆಲ್ಲಾ ಇದನ್ನ ಹೇಗೆ ನಿಭಾಯಿಸ್ತೀರಿ? ಮೂರನೇ ದಾರಿ ಇದ್ಯಾ?

ಸಮೀಕರಣ:
ಫೋಕ್ ಥಿಯರಂನ ಕಾಯಿಲೆ ಅಂತ ನೋಡ್ಬೇಡಿ. ಒಂದೇ ಥರದ ಜನ, ಒಂದೇ ಥರದ ಸಂಪನ್ಮೂಲ, ಆದ್ರೂ ಒಂದು ಕಡೆ ಒಂದು ಕಟ್ಟಳೆ, ಇನ್ನೊಂದು ಕಡೆ ಬೇರೆ. ಪ್ರಪಂಚ ಇರೋದೇ ಹಾಗೆ ಅಲ್ವಾ, ಥಿಯರಂ ಅದನ್ನೇ ಹೇಳ್ತಿದೆ. ಯಾವುದು ನಿಲ್ಲುತ್ತೆ ಅನ್ನೋದನ್ನ ಇತಿಹಾಸ ತೀರ್ಮಾನ ಮಾಡುತ್ತೆ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1960ರಲ್ಲೇ ಫೋಕಲ್ ಪಾಯಿಂಟ್ ಅಂತ ಹೇಳಿದ್ದು ಇದಕ್ಕೇ, ಎಲ್ಲರ ಕಣ್ಣಿಗೂ ಮೊದಲು ಬೀಳೋ ಜಾಗಕ್ಕೆ ಎಲ್ಲರೂ ಬಂದು ಸೇರ್ತಾರೆ.

ಕಡಲಕಾಗೆ:
@ಸಮೀಕರಣ "ಇತಿಹಾಸ ತೀರ್ಮಾನ ಮಾಡುತ್ತೆ" ಅಂದ್ಬಿಟ್ರೆ ಮಾಡೆಲ್ ಯಾಕೆ ಬೇಕು, ಇತಿಹಾಸಾನೇ ಓದ್ಬಹುದಲ್ಲ.

ಸಮೀಕರಣ:
ಬೇಕು. ಯಾವ ನಿಯಮ ನಿಲ್ಲಲ್ಲ ಅಂತ ಮಾಡೆಲ್ ಹೇಳುತ್ತೆ. ಇತಿಹಾಸ ನಿಂತಿದ್ದನ್ನ ಮಾತ್ರ ತೋರಿಸುತ್ತೆ.

ಲೆಕ್ಕದ_ಮೇಷ್ಟ್ರು:
ತುಂಬೆಹೂ, ನೀವು ಸಿಕ್ಕಾಕೊಂಡಿರೋ ಜಾಗ ಈ ಕ್ಷೇತ್ರದ ನಡುಮಧ್ಯದ ಜಾಗ, ಅದಕ್ಕೆ ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಉದ್ದ ಬರೀತೀನಿ.

ಡಗ್ಲಸ್ ನಾರ್ತ್ ಸಾಮಾಜಿಕ ಸಂಸ್ಥೆಗಳನ್ನ ಆಟದ ನಿಯಮ ಅಂದ್ರು, ಜನ ತಮಗೆ ತಾವೇ ಹಾಕ್ಕೊಂಡ ಕಟ್ಟು. ಆರ್ಥಿಕ ಇತಿಹಾಸದ ಕೆಲಸಕ್ಕೆ 1993ರಲ್ಲಿ ರಾಬರ್ಟ್ ಫೋಗೆಲ್ ಜೊತೆ ನೊಬೆಲ್ ಬಂತು. ಆ ನೋಟದಲ್ಲಿ ನಿಯಮ ಅಂದ್ರೆ ನಿರ್ಬಂಧ, ಮಾಡೆಲ್‌ನಲ್ಲಿ ಬಜೆಟ್ ಗೆರೆ (ಕೈಯಲ್ಲಿರೋ ದುಡ್ಡಿನ ಮಿತಿ) ಎಲ್ಲಿ ಕೂರುತ್ತೋ ಅಲ್ಲೇ ಇದೂ ಕೂರುತ್ತೆ. ಆಮೇಲೆ ಅವ್ನರ್ ಗ್ರೀಫ್, ಮಸಾಹಿಕೊ ಅಓಕಿ ಇವರು ಇದನ್ನ ತಿರುಗಿಸಿದ್ರು. ಅವರ ಪ್ರಕಾರ ಸಂಸ್ಥೆ ಉಳಿಯೋದು ಎಲ್ಲರ ನಿರೀಕ್ಷೆ ಮೇಲೆ. ಬೇರೆಯವರು ಹೀಗೇ ನಡ್ಕೋತಾರೆ ಅಂತ ನಾನು ನಂಬ್ತೀನಿ, ಅವರೂ ನನ್ನ ಬಗ್ಗೆ ಹಾಗೇ ನಂಬ್ತಾರೆ, ಆ ನಂಬಿಕೆ ಪ್ರಕಾರ ನಡ್ಕೊಂಡ್ರೆ ಅದೇ ನಿಜ ಆಗುತ್ತೆ.

ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಸ್ವೀಡನ್. ಅಲ್ಲಿ ಗಾಡಿಗಳು ರಸ್ತೆ ಎಡಕ್ಕೆ ಓಡ್ತಿದ್ವು. 1955ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 83 ಜನ ಬಲಕ್ಕೆ ಬದಲಾಗೋದು ಬೇಡ ಅಂದ್ರು. ಆದ್ರೂ ಸರ್ಕಾರ ತೀರ್ಮಾನ ಮಾಡ್ತು, 1967 ಸೆಪ್ಟೆಂಬರ್ 3ರ ಬೆಳಗ್ಗೆ 5 ಗಂಟೆಗೆ ಇಡೀ ದೇಶ ಬಲಕ್ಕೆ ಹೋಯ್ತು. ಬದಲಾವಣೆ ಬೇಡ ಅಂದವರೂ ಹೋದ್ರು. ಯಾಕಂದ್ರೆ ಎದುರಿಗೆ ಬರೋನು ಬಲಕ್ಕೆ ಬರ್ತಾನೆ ಅಂತ ಗೊತ್ತಿದ್ಮೇಲೆ ಎಡಕ್ಕೆ ಹೋಗೋಕೆ ಯಾರಿಗೂ ಕಾರಣ ಉಳಿಯಲ್ಲ. ಅಲ್ಲಿ ಕಾನೂನು ದಂಡದ ಭಯಕ್ಕಿಂತ ಜಾಸ್ತಿ ಮಾಡಿದ್ದು ನಂಬಿಕೆ ಬದಲಾಯಿಸೋ ಕೆಲಸ.

ಕೌಶಿಕ್ ಬಸು ಇದನ್ನ ಇನ್ನೂ ಮುಂದಕ್ಕೆ ಒಯ್ದು ವಾದ ಮಾಡ್ತಾರೆ. ಹೊಸ ಕಾನೂನು ಅಂದ್ರೆ ಕಾಗದದ ಮೇಲೆ ಶಾಯಿ, ಅದರಿಂದ ಜನ ಏನು ಮಾಡ್ಬಹುದು ಅನ್ನೋದು ಬದಲಾಗಲ್ಲ, ಪೊಲೀಸು, ಜಡ್ಜು ಎಲ್ಲಾ ಆಟದೊಳಗಿನವರೇ, ಬದಲಾಗೋದು ಯಾರು ಏನು ಮಾಡ್ತಾರೆ ಅನ್ನೋ ನಿರೀಕ್ಷೆ ಮಾತ್ರ. ದಂಡ ಹಾಕೋನ ಮೇಲೆ ಇನ್ನೊಬ್ಬ ಅಂತ ನೀವು ಏಣಿ ಹಾಕ್ತಾ ಹೋದ್ರಲ್ಲ, ಅದು ಮುಗಿಯೋದು ಇಲ್ಲೇ. ತುದಿಯಲ್ಲಿ ಯಾರೂ ಕೂತಿಲ್ಲ, ಕೊನೆಯವನನ್ನ ಮೊದಲನೆಯವರೇ ಕಾಯ್ತಿರ್ತಾರೆ.

ಗೆರೆ_ದಾಟಿದವ:
ಮೇಷ್ಟ್ರೇ, ರಸ್ತೆ ಉದಾಹರಣೆ ಸಲೀಸು. ಅಲ್ಲಿ ಎಲ್ಲರ ಹಿತಾನೂ ಒಂದೇ. ಹೆಚ್ಚಿನ ಸಾಮಾಜಿಕ ಕಟ್ಟಳೆಗಳಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಇಕ್ವಿಲಿಬ್ರಿಯಂ ಅಂದಾಕ್ಷಣ ಎಲ್ಲರೂ ಒಪ್ಕೊಂಡಿದಾರೆ ಅನ್ನೋ ವಾಸನೆ ಬರುತ್ತೆ, ನನಗೆ ಆಗದೇ ಇರೋದು ಅದೇ.

ಲೆಕ್ಕದ_ಮೇಷ್ಟ್ರು:
ಒಪ್ಕೊಂಡಿದಾರೆ ಅಂತಲ್ಲ. ಒಬ್ಬನೇ ಬಿಟ್ಟು ಹೊರಗೆ ಹೋದ್ರೆ ಅವನಿಗೇ ನಷ್ಟ ಅಂತ ಅಷ್ಟೆ. ಅಕರ್ಲಾಫ್ 1976ರಲ್ಲಿ ಜಾತಿ ಬಗ್ಗೆ ಬರೆದ ಪೇಪರ್‌ನ ತಿರುಳೇ ಇದು. ಕಟ್ಟಳೆ ಮುರಿದವನಿಗೆ ಬಹಿಷ್ಕಾರ, ಮುರಿದವನ ಜೊತೆ ವ್ಯವಹಾರ ಇಟ್ಕೊಂಡವನಿಗೂ ಬಹಿಷ್ಕಾರ. ಒಬ್ಬರಿಗೂ ಮನಸ್ಸಿನಲ್ಲಿ ಇಷ್ಟ ಇಲ್ದೇ ಇದ್ರೂ ಅದು ನಿಲ್ಲುತ್ತೆ. ಇಕ್ವಿಲಿಬ್ರಿಯಂ ಅಂದ್ರೆ ಒಳ್ಳೇದು ಅಂತ ಅರ್ಥ ಮಾಡ್ಕೊಂಡವರು ಆ ಪೇಪರ್ ಓದ್ಬೇಕು.

ಮಿಂಚುಳ್ಳಿ:
ಇಷ್ಟ ಇಲ್ದೇ ಇದ್ರೂ ನಿಲ್ಲುತ್ತೆ ಅನ್ನೋದಕ್ಕೆ ಈಗ ಅಳತೆ ಕೂಡ ಇದೆ. ಬುರ್ಸ್ಟಿನ್, ಗೊನ್ಸಾಲೆಸ್, ಯಾನಗಿಜಾವಾ-ಡ್ರಾಟ್ 2020ರಲ್ಲಿ ಪ್ರಕಟಿಸಿದ ಸೌದಿ ಅರೇಬಿಯಾದ ಕೆಲಸ ನೋಡಿ. ಮದುವೆಯಾದ ಯುವಕರಲ್ಲಿ ಹೆಚ್ಚಿನವರು ಹೆಂಗಸರು ಮನೆ ಹೊರಗೆ ಕೆಲಸ ಮಾಡೋದಕ್ಕೆ ಒಳಗೊಳಗೇ ಒಪ್ಪಿದ್ರು, ಆದ್ರೆ ಬೇರೆಯವರಲ್ಲಿ ಒಪ್ಪೋರು ನಿಜಕ್ಕಿಂತ ಕಡಿಮೆ ಅಂದ್ಕೊಂಡಿದ್ರು. ನಿಜವಾದ ಅಂಕಿ ಹೇಳಿದಾಗ ಹೆಂಡತೀನ ಕೆಲಸ ಹುಡುಕೋ ಸೇವೆಗೆ ಸೇರಿಸೋಕೆ ಮುಂದೆ ಬಂದವರು ಜಾಸ್ತಿ ಆದ್ರು. ಕಾನೂನು ಬದಲಾಗಿಲ್ಲ, ಸಂಬಳ ಬದಲಾಗಿಲ್ಲ, ಅಭಿರುಚಿ ಕೂಡ ಬದಲಾಗಿಲ್ಲ.

ತುಂಬೆಹೂ ಅವರೇ, ಮೂರನೇ ದಾರಿ ಕೇಳಿದ್ರಲ್ಲ. ಇಕ್ವಿಲಿಬ್ರಿಯಂ ಆಯ್ಕೇನ ಥಿಯರಿ ಒಳಗೇ ಬಗೆಹರಿಸ್ಬೇಕು ಅಂತ ಹಠ ಹಿಡೀಬೇಡಿ, ನಂಬಿಕೆಗಳನ್ನ ಹೋಗಿ ಅಳೆಯಿರಿ.

ಹಳೇಪುಟ:
ಸ್ವಲ್ಪ ತಡೀರಿ. ನಂಬಿಕೆ ಅಳೆಯೋದು ಬದುಕಿರೋ ಜನರ ಹತ್ರ ಆಗುತ್ತೆ. ಇತಿಹಾಸದ ಕಡೆ ಕೆಲಸ ಮಾಡೋ ನಾವು ಏನ್ ಮಾಡೋದು?

ಗ್ರೀಫ್ ಅವರದ್ದೇ ತಗೊಳಿ. 11ನೇ ಶತಮಾನದ ಮಗ್ರಿಬಿ ವ್ಯಾಪಾರಿಗಳು, ಮೆಡಿಟರೇನಿಯನ್ ಸುತ್ತ ಸರಕು ಕಳಿಸ್ತಿದ್ದ ಯಹೂದಿ ವರ್ತಕರು, ಅವರ ಕಾಗದಪತ್ರ ಕೈರೋ ಗೆನಿಜಾದಲ್ಲಿ (ಅಲ್ಲಿನ ಯಹೂದಿ ಪ್ರಾರ್ಥನಾಲಯದ ಹಳೇ ಕಾಗದದ ಕೋಣೆ) ಉಳ್ಕೊಂಡಿವೆ. ಗ್ರೀಫ್ ಹೇಳಿದ್ದು, ದೂರದ ಏಜೆಂಟ್ ಮೋಸ ಮಾಡಿದ್ರೆ ಇಡೀ ಗುಂಪು ಅವನಿಗೆ ಕೆಲಸ ಕೊಡೋದು ನಿಲ್ಲಿಸ್ತಿತ್ತು, ಕೋರ್ಟ್ ಇಲ್ದೇನೂ ನಂಬಿಕೆ ನಡೀತಿತ್ತು ಅಂತ. ಮಾಡೆಲ್ ತುಂಬಾ ಸೊಗಸು. 2012ರಲ್ಲಿ ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ ಅದೇ ಕಾಗದಗಳನ್ನ ಹಿಡ್ಕೊಂಡು, ಇವರು ಕಾನೂನಿನ ಮೊರೆಯನ್ನೂ ಹೋಗ್ತಿದ್ರು, ಗುಂಪಿನ ಬಹಿಷ್ಕಾರಕ್ಕೆ ಸಾಕ್ಷಿ ಗಟ್ಟಿ ಇಲ್ಲ ಅಂದ್ರು. ಗ್ರೀಫ್ ಅದಕ್ಕೆ ಉತ್ತರ ಕೊಟ್ರು. ಎರಡೂ ಕಡೆಯವರು ಉದಾಹರಿಸೋ ಕಾಗದಗಳಲ್ಲಿ ಕೆಲವು ಅವೇ.

ಇದರಲ್ಲಿ ನನಗೆ ಕಾಡೋದು ಒಂದು ವಿಷಯ. ಬಹಿಷ್ಕಾರ ಚೆನ್ನಾಗಿ ಕೆಲಸ ಮಾಡ್ತಿದ್ರೆ ಯಾರೂ ಮೋಸ ಮಾಡಲ್ಲ, ಮೋಸ ಮಾಡದೇ ಇದ್ರೆ ಬಹಿಷ್ಕಾರ ನಡೆಯೋದೇ ಇಲ್ಲ, ನಡೀದೇ ಇದ್ರೆ ಕಾಗದದಲ್ಲಿ ಬರೋದೂ ಇಲ್ಲ. ಮಾಡೆಲ್ ಪೂರ್ತಿ ಸರಿ ಇದ್ದಷ್ಟೂ ಸಾಕ್ಷಿ ಕಡಿಮೆ. ಇದನ್ನ ಯಾವ ಎಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಅಂಕಿಅಂಶ ವಿಧಾನ) ಪರಿಹಾರ ಮಾಡುತ್ತೆ?

ಸಮೀಕರಣ:
@ಹಳೇಪುಟ ಇದು ಒಳ್ಳೇ ಪಾಯಿಂಟ್. ಆದ್ರೆ ಪೂರ್ತಿ ಕತ್ತಲೆ ಅಲ್ಲ. ನೋಡೋದ್ರಲ್ಲಿ ತಪ್ಪು ಆಗೋ ಸಾಧ್ಯತೆ ಸೇರಿಸಿದ್ರೆ, ಅಂದ್ರೆ ಯಾರು ಮೋಸ ಮಾಡಿದ್ರು ಅಂತ ಸರಿಯಾಗಿ ಗೊತ್ತಾಗದೇ ಇದ್ರೆ, ಶಿಕ್ಷೆ ಅಲ್ಲಲ್ಲಿ ನಡೀಲೇಬೇಕು. ಗ್ರೀನ್ ಮತ್ತು ಪೋರ್ಟರ್ 1984ರಲ್ಲಿ ಕಾರ್ಟೆಲ್ (ಬೆಲೆ ಇಳಿಸಬಾರದು ಅಂತ ಒಳಒಪ್ಪಂದ ಮಾಡ್ಕೊಂಡ ಕಂಪನಿಗಳ ಕೂಟ) ಬಗ್ಗೆ ತೋರಿಸಿದ್ದು ಇದೇ, ಯಾರೂ ಮೋಸ ಮಾಡದೇ ಇದ್ರೂ ಆಗಾಗ ಬೆಲೆ ಸಮರ ನಡೀಬೇಕು, ಇಲ್ಲಾಂದ್ರೆ ಒಪ್ಪಂದ ನಿಲ್ಲಲ್ಲ. ಹುಡುಕ್ಬೇಕಾಗಿರೋದು ಅನುಮಾನದ ಜಗಳಗಳನ್ನ.

ಹಳೇಪುಟ:
ಅನುಮಾನದ ಜಗಳ ಆ ಕಾಗದಗಳಲ್ಲಿ ಇದೆ, ಹೌದು. ಅದಕ್ಕೇ ಚರ್ಚೆ ಇಷ್ಟು ಬಿಸಿ.

ಕಡಲಕಾಗೆ:
ನಾನು ಡೇಟಾ ಕಡೆಯವನು, ಅಲ್ಲಿನ ಕಷ್ಟ ಹೇಳ್ತೀನಿ. ಅಸಿಮೊಗ್ಲು, ಜಾನ್ಸನ್, ರಾಬಿನ್ಸನ್ 2001ರ ಪೇಪರ್ ಎಲ್ಲರಿಗೂ ಗೊತ್ತು, 2024ರಲ್ಲಿ ನೊಬೆಲ್ ಬಂದ ಕೆಲಸದ ಮುಖ್ಯ ಭಾಗ. ವಸಾಹತಿಗೆ ಹೋದ ಯುರೋಪಿಯನ್ನರು ಎಲ್ಲಿ ಜಾಸ್ತಿ ಸತ್ರೋ ಅಲ್ಲಿ ನೆಲೆ ನಿಲ್ಲಲಿಲ್ಲ, ದೋಚೋ ವ್ಯವಸ್ಥೆ ಕಟ್ಟಿದ್ರು, ಅದು ಇವತ್ತಿಗೂ ಉಳ್ಕೊಂಡಿದೆ ಅಂತ. ಸಾವಿನ ಪ್ರಮಾಣಾನ ಇನ್‌ಸ್ಟ್ರುಮೆಂಟ್ ಆಗಿ ಬಳಸಿದ್ರು, ಅಂದ್ರೆ ಅದು ಸಂಸ್ಥೆಗಳ ಮೂಲಕ ಮಾತ್ರ ಇವತ್ತಿನ ಆದಾಯ ಮುಟ್ಟುತ್ತೆ ಅಂತ ಹಿಡಿದು ಸಂಸ್ಥೆಗಳ ಪರಿಣಾಮ ಬೇರ್ಪಡಿಸಿದ್ರು. ಡೇವಿಡ್ ಆಲ್ಬೂಯಿ 2012ರಲ್ಲಿ ತೋರಿಸಿದ್ದು, ಆ 64 ದೇಶಗಳಲ್ಲಿ 36ಕ್ಕೆ ಸಾವಿನ ಅಂಕಿ ಆಯಾ ದೇಶದ್ದಲ್ಲ, ಬೇರೆ ದೇಶದ್ದನ್ನ ಹೊಂದಿಸಿರೋದು.

ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಗ್ಲೇಸರ್, ಲಾ ಪೋರ್ಟಾ, ಲೋಪೆಜ್-ಡಿ-ಸಿಲಾನೆಸ್, ಶ್ಲೈಫರ್ 2004ರಲ್ಲಿ ಎತ್ತಿದ ತಕರಾರು. ಆಸ್ತಿ ಕಿತ್ಕೊಳ್ಳೋ ಅಪಾಯ ಎಷ್ಟು ಅನ್ನೋ ಸೂಚ್ಯಂಕ ಅಳೆಯೋದು ಸರ್ಕಾರ ಈಗ ಹೇಗೆ ನಡ್ಕೋತಿದೆ ಅನ್ನೋದನ್ನ, ಸರ್ಕಾರದ ಕೈ ಕಟ್ಟೋ ನಿಯಮ ಇದ್ಯಾ ಅನ್ನೋದನ್ನಲ್ಲ. ಒಬ್ಬ ಸರ್ವಾಧಿಕಾರಿ ಸದ್ಯಕ್ಕೆ ಯಾರ ಆಸ್ತೀನೂ ಮುಟ್ಟದೇ ಇದ್ರೆ ಅಂಕ ಚೆನ್ನಾಗೇ ಬರುತ್ತೆ. ಅದನ್ನ ಸಂಸ್ಥೆ ಅಂತ ಕರೆಯೋಕಾಗುತ್ತಾ?

ಬೆಳ್ಳಕ್ಕಿ:
@ಕಡಲಕಾಗೆ ಅರ್ಧ ಹೇಳಿದ್ರಿ. ಆಲ್ಬೂಯಿ ಜೊತೆಗೇ ಅದೇ ಜರ್ನಲ್‌ನಲ್ಲಿ ಆ ಮೂವರ ಉತ್ತರಾನೂ ಬಂದಿದೆ. ವಿಪರೀತ ಜಾಸ್ತಿ ಇರೋ ಸಾವಿನ ಅಂಕಿಗಳಿಗೆ ಮಿತಿ ಹಾಕಿದ್ರೆ ಫಲಿತಾಂಶ ನಿಲ್ಲುತ್ತೆ ಅಂತ ತೋರಿಸಿದ್ರು.

ಕಡಲಕಾಗೆ:
ಓದಿದೀನಿ. ಅಂಕಿ ನಿಂತ್ರೂ ನನ್ನ ಎರಡನೇ ಪ್ರಶ್ನೆ ನಿಲ್ಲುತ್ತೆ. ಸಂಸ್ಥೆಗಳು ಮುಖ್ಯ ಅಂತ ಸಾಬೀತಾಯ್ತು ಅಂತಾನೇ ಇಟ್ಕೊಳಿ. ಯಾವ ಸಂಸ್ಥೆ? ಕೋರ್ಟಾ, ಪಾರ್ಲಿಮೆಂಟಾ, ಭೂದಾಖಲೆನಾ, ಬ್ಯಾಂಕಾ? ಎಲ್ಲಾ ಒಂದೇ ಗೊಂಚಲಲ್ಲಿ ಬರುತ್ತೆ, ಒಂದು ಇನ್‌ಸ್ಟ್ರುಮೆಂಟ್‌ನಿಂದ ಗೊಂಚಲು ಬಿಡಿಸೋಕಾಗಲ್ಲ.

ಬೆಳ್ಳಕ್ಕಿ:
ಅದಕ್ಕೇ ಜನ ದೇಶ ದೇಶ ಹೋಲಿಸೋದು ಬಿಟ್ಟು ಒಂದು ಗಡಿ ಹಿಡ್ಕೊಂಡು ಕೆಲಸ ಮಾಡ್ತಿರೋದು. ಮೆಲಿಸಾ ಡೆಲ್ 2010ರಲ್ಲಿ ಪೆರು ದೇಶದ ಮಿತಾ ಬಗ್ಗೆ ಮಾಡಿದ್ದು ನೋಡಿ, 1573ರಿಂದ 1812ರವರೆಗೆ ಗಣಿಗೆ ಬಲವಂತದ ಕೂಲಿ ಕಳಿಸ್ಬೇಕಾಗಿದ್ದ ಪ್ರದೇಶದ ಗಡಿ. ಗಡಿಯೊಳಗಿನ ಮನೆಗಳ ಖರ್ಚು ಇವತ್ತಿಗೂ ನೂರಕ್ಕೆ ಸುಮಾರು 25ರಷ್ಟು ಕಡಿಮೆ. ಒಂದೇ ಸಂಸ್ಥೆ, ಒಂದೇ ಗೆರೆ.

ಗೆರೆ_ದಾಟಿದವ:
ಮತ್ತೆ ಮಾರ್ಗನ್ ಕೆಲ್ಲಿ 2019ರಲ್ಲಿ ಹೇಳಿದ್ದು? ಅಕ್ಕಪಕ್ಕದ ಜಾಗಗಳು ಒಂದಕ್ಕೊಂದು ಹೋಲುತ್ವೆ, ಅದನ್ನ ಸರಿಯಾಗಿ ಲೆಕ್ಕಕ್ಕೆ ತಗೊಳ್ದೇ ಇದ್ರೆ ನೂರಾರು ವರ್ಷದ ಹಿಂದಿನ ಯಾವುದೋ ಒಂದು ಇವತ್ತಿನ ಎಲ್ಲದಕ್ಕೂ ಕಾರಣ ಅಂತ ತೋರಿಸ್ಬಹುದು, ಈ ಥರದ ಬಹಳಷ್ಟು ಪೇಪರ್‌ಗಳ ಸಿಗ್ನಿಫಿಕೆನ್ಸ್ (ಫಲಿತಾಂಶ ಆಕಸ್ಮಿಕ ಅಲ್ಲ ಅನ್ನೋ ಭರವಸೆ) ಉಬ್ಬಿದೆ ಅಂತ. ಜೊತೆಗೆ 1812ರಲ್ಲಿ ರದ್ದಾದದ್ದು ಇವತ್ತಿಗೆ ಹೇಗೆ ಬಂತು ಅನ್ನೋ ದಾರಿ ತೋರಿಸ್ಬೇಕಲ್ಲ.

ಬೆಳ್ಳಕ್ಕಿ:
ದಾರಿ ತೋರಿಸಿದಾರೆ, ದೊಡ್ಡ ಜಮೀನ್ದಾರಿಕೆ ಬೆಳೀದೇ ಇದ್ದದ್ದು, ರಸ್ತೆಗಳು ಕಡಿಮೆ ಆದದ್ದು. ಪೇಪರ್‌ನ ಎರಡನೇ ಭಾಗ ಇಡೀ ಅದೇ. ಹಳೇದು ಇವತ್ತಿಗೂ ಉಳಿದಿದೆ ಅನ್ನೋ ಎಲ್ಲಾ ಪರ್ಸಿಸ್ಟೆನ್ಸ್ ಪೇಪರ್‌ಗಳನ್ನೂ ಒಂದೇ ಏಟಿಗೆ ಹೊಡೀಬೇಡಿ.

ನಿಶಾಚರ:
ತುಂಬೆಹೂ ಕೇಳಿದ್ದು ದಂಡ ಹಾಕೋನು ಯಾರು ಅಂತ. ಪೆರುವರೆಗೂ ಹೋಗ್ಬಿಟ್ರಿ.

ಮಿಂಚುಳ್ಳಿ:
ನಿಜ, ವಾಪಸ್ ಬರೋಣ. ಆ ಪ್ರಶ್ನೆಗೆ ನನಗೆ ಗೊತ್ತಿರೋ ಅತ್ಯಂತ ಗಟ್ಟಿ ಉತ್ತರ ಎಲಿನಾರ್ ಆಸ್ಟ್ರಮ್ ಅವರದ್ದು, 2009ರಲ್ಲಿ ವಿಲಿಯಮ್ಸನ್ ಜೊತೆ ನೊಬೆಲ್ ಬಂತು. 1968ರಲ್ಲಿ ಗ್ಯಾರೆಟ್ ಹಾರ್ಡಿನ್, ಎಲ್ಲರದ್ದಾದ ಹುಲ್ಲುಗಾವಲು ಹಾಳಾಗೇ ಆಗುತ್ತೆ ಅಂತ ಬರೆದಾಗ ಅಲ್ಲಿ ನಿಯಮಾನೇ ಇಲ್ಲದ ಬಯಲನ್ನ ಕಲ್ಪಿಸ್ಕೊಂಡಿದ್ರು. ಆಸ್ಟ್ರಮ್ ನಿಜವಾದ ಹುಲ್ಲುಗಾವಲುಗಳನ್ನ ನೋಡಿದ್ರು. ಸ್ವಿಟ್ಜರ್ಲೆಂಡ್‌ನ ಟೋರ್ಬೆಲ್ ಹಳ್ಳಿಯಲ್ಲಿ ಹೊರಗಿನವರು ಹುಲ್ಲುಗಾವಲು ಬಳಸೋ ಹಾಗಿಲ್ಲ ಅಂತ 1483ರಲ್ಲೇ ಬರೆದಿಟ್ಟ ಪತ್ರ ಇದೆ.

ನಿಮ್ಮ ಮಾಡೆಲ್‌ಗೆ ನೇರ ಉಪಯೋಗಕ್ಕೆ ಬರೋದು ನೀರಾವರಿ ಸರದಿ. ನನ್ನ ಸರದಿ ಮುಗಿಯೋ ಹೊತ್ತಿಗೆ ನನಗೆ ಇನ್ನೂ ಸ್ವಲ್ಪ ನೀರು ಬಿಟ್ಕೊಳ್ಳೋ ಆಸೆ. ಆದ್ರೆ ಮುಂದಿನ ಸರದಿಯವನು ಅಲ್ಲೇ ಬಂದು ನಿಂತಿರ್ತಾನೆ, ಅವನ ನೀರು ಅದು. ನಾನು ಬೇಗ ಶುರು ಮಾಡೋಕೂ ಆಗಲ್ಲ, ನನ್ನ ಹಿಂದಿನವನು ನೋಡ್ತಿರ್ತಾನೆ. ಅಂದ್ರೆ ಕಾಯೋ ಕೆಲಸಕ್ಕೆ ಬೇರೆ ಆಳು ಬೇಡ, ಬೇರೆ ಸಂಬಳ ಬೇಡ, ತನ್ನ ಹಿತ ಕಾಯೋನೇ ನಿಯಮಾನೂ ಕಾಯ್ತಾನೆ. ಮೊದಲ ಸಲ ತಪ್ಪಿದವನಿಗೆ ದಂಡಾನೂ ಸಣ್ಣದು, ಮತ್ತೆ ಮತ್ತೆ ತಪ್ಪಿದ್ರೆ ದೊಡ್ಡದಾಗ್ತಾ ಹೋಗುತ್ತೆ. ನೀವು "ದಂಡ" ಅಂತ ಒಂದು ಅಕ್ಷರ ಹಾಕಿದ ಜಾಗದಲ್ಲಿ ಇಷ್ಟೆಲ್ಲಾ ಕೂತಿದೆ.

ತುಂಬೆಹೂ:
@ಮಿಂಚುಳ್ಳಿ ಇದು ತುಂಬಾ ಉಪಯೋಗ ಆಯ್ತು ಮೇಡಂ. ಅಂದ್ರೆ ಯಾರು ಯಾರನ್ನ ನೋಡ್ತಾರೆ ಅನ್ನೋ ರಚನೇನ ಮಾಡೆಲ್‌ನ ಮೂಲಕ್ಕೇ ಹಾಕ್ಬೇಕು, ಶಿಕ್ಷೆಯ ಮೊತ್ತ ಆಮೇಲೆ. ಆದ್ರೆ ಮೀನಿನ ವಿಷಯದಲ್ಲಿ ಹೀಗೆ ಅಕ್ಕಪಕ್ಕ ನಿಂತು ನೋಡೋರು ಇರಲ್ಲ ಅಲ್ವಾ?

ಮಿಂಚುಳ್ಳಿ:
ಎಷ್ಟು ಮೀನು ಹಿಡಿದ್ರು ಅಂತ ನೋಡೋದು ಕಷ್ಟ, ಯಾವ ಜಾಗದಲ್ಲಿ ಹಿಡೀತಿದಾರೆ ಅಂತ ನೋಡೋದು ಸುಲಭ. ಟರ್ಕಿಯ ಅಲಾನ್ಯಾದಲ್ಲಿ ಮೀನುಗಾರರು ಜಾಗಗಳನ್ನ ಚೀಟಿ ಎತ್ತಿ ಹಂಚ್ಕೊಂಡು ದಿನಾ ಒಂದೊಂದು ಜಾಗ ಸರೀತಿದ್ರು ಅಂತ ಆಸ್ಟ್ರಮ್ ವಿವರಿಸಿದಾರೆ. ಒಳ್ಳೇ ಜಾಗ ಸಿಕ್ಕ ದಿನ ಅವನು ಹೋಗೇ ಹೋಗ್ತಾನೆ, ಅಲ್ಲಿ ಬೇರೆಯವನು ಇದ್ರೆ ಕೂಡಲೇ ಗೊತ್ತಾಗುತ್ತೆ. ಪ್ರಮಾಣಕ್ಕೆ ನಿಯಮ ಮಾಡಲಿಲ್ಲ, ಜಾಗಕ್ಕೆ ಮಾಡಿದ್ರು.

ನಿಶಾಚರ:
ಹಾಗಿದ್ರೆ ಸರ್ಕಾರ ದೂರ ಇದ್ರೇನೇ ಒಳ್ಳೇದು ಅಂತಾಯ್ತು.

ಮಿಂಚುಳ್ಳಿ:
ಅಲ್ಲ, ಆಸ್ಟ್ರಮ್ ಹಾಗೆ ಹೇಳೇ ಇಲ್ಲ. ಜನ ತಾವೇ ನಿಯಮ ಮಾಡ್ಕೊಳ್ಳೋ ಹಕ್ಕನ್ನ ಮೇಲಿನ ಸರ್ಕಾರ ಗುರುತಿಸ್ಬೇಕು ಅನ್ನೋದು ಅವರ ಎಂಟು ತತ್ವಗಳಲ್ಲಿ ಒಂದು. ಹಾಳಾದ ಉದಾಹರಣೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿದಾರೆ, ಅದನ್ನ ಯಾರೂ ಓದಲ್ಲ.

ಕಿರುದೀಪ:
ದಂಡದ ಮಾತು ಬಂತಲ್ಲ, ಗ್ನೀಝಿ ಮತ್ತು ರುಸ್ಟಿಕೀನಿ 2000ರಲ್ಲಿ ಪ್ರಕಟಿಸಿದ್ದು ಮರೀಬೇಡಿ. ಇಸ್ರೇಲಿನ ಹೈಫಾದಲ್ಲಿ 10 ಶಿಶುವಿಹಾರ, ಮಕ್ಕಳನ್ನ ತಡವಾಗಿ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರಿಗೆ 6 ಕಡೆ ದಂಡ ಹಾಕಿದ್ರು. ತಡವಾಗಿ ಬರೋರು ಕಡಿಮೆ ಆಗೋದಿರಲಿ, ಹೆಚ್ಚುಕಮ್ಮಿ ಎರಡರಷ್ಟಾದ್ರು. ದಂಡ ತೆಗೆದ ಮೇಲೂ ಹಳೇ ಮಟ್ಟಕ್ಕೆ ಬರಲಿಲ್ಲ. ಮೊದಲು ತಡ ಮಾಡೋದು ಟೀಚರ್‌ಗೆ ತೊಂದ್ರೆ ಕೊಟ್ಟ ಹಾಗೆ ಅನ್ಸ್ತಿತ್ತು, ಆಮೇಲೆ ದುಡ್ಡು ಕೊಟ್ಟು ತಗೊಳ್ಳೋ ಸೇವೆ ಆಯ್ತು.

ಮಾಡೆಲ್‌ನಲ್ಲಿ ರೂಢಿಗೆ ಒಂದು ಪದ (ಸಮೀಕರಣದ ಒಂದು ಭಾಗ), ದಂಡಕ್ಕೆ ಒಂದು ಪದ ಹಾಕಿ ಕೂಡಿಸ್ತೀವಲ್ಲ, ಆ ಕೂಡಿಸೋದೇ ಸರಿ ಇಲ್ಲ. ಒಂದು ಬಂದ್ರೆ ಇನ್ನೊಂದು ಕರಗಬಹುದು.

ಸಮೀಕರಣ:
ಅದಕ್ಕೂ ಮಾಡೆಲ್ ಇದೆ. ಬೆನಾಬೂ ಮತ್ತು ಟಿರೋಲ್ 2006. ಒಳ್ಳೇ ಕೆಲಸ ಮಾಡೋನು ತಾನು ಎಂಥವನು ಅಂತ ಬೇರೆಯವರಿಗೂ ತನಗೂ ತೋರಿಸ್ಕೋತಾನೆ. ದುಡ್ಡು ಬಂದ್ರೆ ಆ ಸಂಕೇತ ಮಸುಕಾಗುತ್ತೆ, ದುಡ್ಡಿಗೆ ಮಾಡಿದ್ನೋ ಮನಸ್ಸಿಂದ ಮಾಡಿದ್ನೋ ಗೊತ್ತಾಗಲ್ಲ. ಹೈಫಾದ್ದು ಹತ್ತಿರದ ವಿಷಯ, ದಂಡ ಇಷ್ಟು ಸಣ್ಣದು ಅಂದ್ರೆ ತಡ ಮಾಡೋದು ದೊಡ್ಡ ವಿಷಯ ಅಲ್ಲ ಅಂತ ಅಪ್ಪ ಅಮ್ಮ ಕಲಿತ್ರು.

ಕಿರುದೀಪ:
ಇಲ್ಲೇ ನನ್ನ ಸಿಟ್ಟು. ಪ್ರತಿ ಸಲ ಹೊಸ ಫಲಿತಾಂಶ ಬಂದಾಗ ಯುಟಿಲಿಟಿ ಫಂಕ್ಷನ್‌ಗೆ (ಮನುಷ್ಯನಿಗೆ ಯಾವುದು ಎಷ್ಟು ಬೇಕು ಅನ್ನೋ ಸೂತ್ರ) ಹೊಸ ಪದ ಸೇರಿಸ್ತೀರಿ. ಅಸೂಯೆ, ನ್ಯಾಯ, ಗುರುತು, ನಾಚಿಕೆ, ಸ್ವಗೌರವ. ಒಂದೊಂದೂ ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಎಲ್ಲಾ ಸೇರಿದ ಮೇಲೆ ಏನು ನಡೆದ್ರೂ ವಿವರಿಸೋಕಾಗುತ್ತೆ. ಏನು ನಡೆಯಲ್ಲ ಅಂತ ಮೊದಲೇ ಹೇಳೋಕೆ ಆಗದೇ ಇದ್ರೆ ಅದು ಮಾಡೆಲ್ ಅಲ್ಲ, ಆಮೇಲೆ ಬರೆದ ಟಿಪ್ಪಣಿ.

ಸಮೀಕರಣ:
ಇದನ್ನ ಒಪ್ಪಲ್ಲ. ಸಂಕೇತದ ಮಾಡೆಲ್ ಪ್ರಕಾರ ಯಾರೂ ನೋಡದೇ ಇರೋ ಕಡೆ ದುಡ್ಡು ಕೊಟ್ರೆ ಕೆಲಸ ಜಾಸ್ತಿ ಆಗ್ಬೇಕು, ನೋಡೋ ಕಡೆ ಆ ಪರಿಣಾಮ ಕುಗ್ಗಬೇಕು. ಅದನ್ನ ಪರೀಕ್ಷೆ ಮಾಡಿದಾರೆ, ಏರಿಯಲಿ, ಬ್ರಾಚಾ, ಮೈಯರ್ 2009. ಹಾಗೇ ಬಂತು. ಹೊಸ ಪದ ಸೇರಿಸಿದವನು ಹೊಸ ಪರೀಕ್ಷೆಗೂ ತಲೆ ಕೊಟ್ಟಿದಾನೆ.

ಕಿರುದೀಪ:
ಆ ಒಂದಕ್ಕೆ ಸರಿ. ಎಲ್ಲರೂ ಅಷ್ಟು ಶಿಸ್ತಾಗಿರಲ್ಲ. ಪೇಪರ್ ರಿವ್ಯೂ ಮಾಡುವಾಗ ಹೊಸ ಪದಕ್ಕೆ ಹೊಸ ಪರೀಕ್ಷೆ ಎಲ್ಲಿ ಅಂತ ಕೇಳ್ತಾನೇ ಇರ್ತೀನಿ, ಬಹಳಷ್ಟು ಸಲ ಉತ್ತರ ಬರೋದು ಅಪೆಂಡಿಕ್ಸ್‌ನಲ್ಲಿ ಇನ್ನೊಂದು ಪದ.

ಬೆಳ್ಳಕ್ಕಿ:
ರೂಢಿ ಮತ್ತು ದಂಡ ಎರಡೂ ಕಾಣೋ ಉದಾಹರಣೆ ಬೇಕಂದ್ರೆ ನ್ಯೂಯಾರ್ಕಿನ ವಿಶ್ವಸಂಸ್ಥೆ ರಾಜತಾಂತ್ರಿಕರ ಪಾರ್ಕಿಂಗ್. ಫಿಸ್ಮನ್ ಮತ್ತು ಮಿಗೆಲ್ 2007. ರಾಜತಾಂತ್ರಿಕರಿಂದ ದಂಡ ವಸೂಲಿ ಮಾಡೋಕಾಗ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಕಾನೂನು ಒಂದೇ, ಶಿಕ್ಷೆ ಸೊನ್ನೆ. ಆದ್ರೂ ಭ್ರಷ್ಟಾಚಾರ ಜಾಸ್ತಿ ಇರೋ ದೇಶದವರು ಜಾಸ್ತಿ ಟಿಕೆಟ್ ಬಾಕಿ ಇಟ್ಕೊಂಡಿದ್ರು. ರೂಢೀನ ಹೊತ್ಕೊಂಡೇ ಬಂದಿದ್ರು ಅಂತಾಯ್ತು. ಮತ್ತೆ 2002ರಲ್ಲಿ ನಂಬರ್ ಪ್ಲೇಟ್ ಕಿತ್ಕೊಳ್ಳೋ ಅಧಿಕಾರ ಬಂದ ಮೇಲೆ ಉಲ್ಲಂಘನೆ ನೂರಕ್ಕೆ 98ರಷ್ಟು ಇಳೀತು. ಇಲ್ಲಿ ದಂಡ ರೂಢೀನ ಕರಗಿಸಲಿಲ್ಲ, ಮೀರಿಸ್ತು.

ಕಿರುದೀಪ:
ಹೌದು, ದಂಡ ದೊಡ್ಡದಾಗಿತ್ತು. ಎಷ್ಟು ದೊಡ್ಡದಾದ್ರೆ ಕರಗೋದು ನಿಂತು ಮೀರೋದು ಶುರು ಆಗುತ್ತೆ ಅಂತ ಯಾವ ಮಾಡೆಲ್ ಮೊದಲೇ ಹೇಳುತ್ತೆ? ಅದು ನನ್ನ ಪ್ರಶ್ನೆ, ಇನ್ನೂ ಹಾಗೇ ಇದೆ.

ಕೋಡ್‌ಬರೆಯೋನು:
ಗಣಿತದಲ್ಲಿ ಬಿಡಿಸೋಕೆ ಆಗದೇ ಇದ್ರೆ ಏಜೆಂಟ್ ಬೇಸ್ಡ್ ಸಿಮ್ಯುಲೇಶನ್ (ಕಂಪ್ಯೂಟರ್‌ನಲ್ಲಿ ಒಬ್ಬೊಬ್ಬ ಆಟಗಾರನನ್ನೂ ಬೇರೆ ಬೇರೆಯಾಗಿ ನಡೆಸಿ ನೋಡೋದು) ಮಾಡಿ. ಶೆಲಿಂಗ್ 1971ರಲ್ಲಿ ತೋರಿಸಿದ್ರು, ಪಕ್ಕದಲ್ಲಿ ನಮ್ಮವರು ಸ್ವಲ್ಪ ಇದ್ರೆ ಸಾಕು ಅನ್ನೋ ಸೌಮ್ಯ ಜನರಿಂದಾನೂ ಇಡೀ ಊರು ಎರಡು ಭಾಗ ಆಗುತ್ತೆ. ಎಪ್ಸ್ಟೈನ್ ಮತ್ತು ಆಕ್ಸ್‌ಟೆಲ್ 1996ರಲ್ಲಿ ಸಕ್ಕರೆ ಹುಡ್ಕೊಂಡು ಓಡಾಡೋ ಏಜೆಂಟ್‌ಗಳಿಂದ ಅಸಮಾನತೆ, ವ್ಯಾಪಾರ, ವಲಸೆ ಎಲ್ಲಾ ಹುಟ್ಟಿಸಿದ್ರು. ನಿಯಮ ಕೆಳಗಿಂದ ತಾನೇ ಬರುತ್ತೆ.

ಲೆಕ್ಕದ_ಮೇಷ್ಟ್ರು:
ಒಳ್ಳೇ ಸಾಧನ, ನಾನೂ ಪಾಠದಲ್ಲಿ ಬಳಸ್ತೀನಿ, ಶೆಲಿಂಗ್ ಮಾಡೆಲ್ ಸ್ಕ್ರೀನ್ ಮೇಲೆ ಓಡಿಸಿದ್ರೆ ವಿದ್ಯಾರ್ಥಿಗಳು ಕೂತಲ್ಲಿಂದ ಏಳಲ್ಲ. ಆದ್ರೆ ಏಜೆಂಟ್ ಯಾರನ್ನ ನೋಡ್ಬಹುದು, ಏನನ್ನ ನೆನಪಿಟ್ಕೊಳ್ತಾನೆ, ಯಾರ ಜೊತೆ ವ್ಯಾಪಾರ ಮಾಡ್ಬಹುದು, ಕಿತ್ಕೊಳ್ಬಹುದಾ ಇಲ್ವಾ, ಇದೆಲ್ಲಾ ಕೋಡ್‌ನಲ್ಲಿ ಬರೆಯೋದು ನೀವೇ. ಕಿತ್ಕೊಳ್ಳೋ ಹಾಗಿಲ್ಲ ಅಂತ ಬರೆದಾಕ್ಷಣ ಆಸ್ತಿ ಹಕ್ಕು ಅನ್ನೋ ಸಂಸ್ಥೆ ಆಗ್ಲೇ ಬಂದಾಯ್ತು. ತುಂಬೆಹೂ ಅವರ ಪ್ರಶ್ನೆ ಒಂದು ಮೆಟ್ಟಿಲು ಕೆಳಗಿಳೀತು ಅಷ್ಟೆ.

ಕೋಡ್‌ಬರೆಯೋನು:
ಕಿತ್ಕೊಳ್ಳೋಕೂ ಬಿಟ್ಟು ಓಡಿಸ್ಬಹುದು. ಎಲ್ಲೋ ಒಂದು ಕಡೆ ಶುರು ಮಾಡ್ಲೇಬೇಕಲ್ಲ ಮೇಷ್ಟ್ರೇ, ಸಮೀಕರಣ ಬರೆಯೋರು ಶುರು ಮಾಡಲ್ವಾ?

ಸಮೀಕರಣ:
ಆಯ್ಕೆ ವಿಷಯಕ್ಕೆ ಇನ್ನೊಂದು ದಾರಿ ಇದೆ, ಪೇಟನ್ ಯಂಗ್ 1993. ಜನ ಆಗಾಗ ತಪ್ಪು ಹೆಜ್ಜೆ ಇಡ್ತಾರೆ ಅಂತ ಸೇರಿಸಿ, ಬಹಳ ಕಾಲ ಓಡಿಸಿದ್ರೆ ಕೆಲವು ರೂಢಿಗಳು ಮಾತ್ರ ಹೆಚ್ಚು ಹೊತ್ತು ನಿಲ್ಲುತ್ವೆ. ತಪ್ಪುಗಳಿಗೆ ಜಗ್ಗದೇ ಇರೋದು ಗೆಲ್ಲುತ್ತೆ. ತುಂಬೆಹೂ, ನಿಮ್ಮ ರಿಪೀಟೆಡ್ ಗೇಮ್‌ಗೆ ಇದನ್ನ ನೇರ ಹಾಕೋಕಾಗಲ್ಲ, ಸರಳ ಆಟಕ್ಕೆ ಇಳಿಸ್ಕೋಬೇಕಾಗುತ್ತೆ. ಇನ್ನೊಂದು ತೊಂದ್ರೆ, ಎಲ್ಲರೂ ಎಲ್ಲರ ಜೊತೆ ಆಡಿದ್ರೆ ಆ "ಬಹಳ ಕಾಲ" ವಿಪರೀತ ಉದ್ದ. ಗ್ಲೆನ್ ಎಲಿಸನ್ ಅದೇ ವರ್ಷ ತೋರಿಸಿದ್ರು, ಅಕ್ಕಪಕ್ಕದವರ ಜೊತೆ ಮಾತ್ರ ಆಡಿದ್ರೆ ತುಂಬಾ ಬೇಗ ಹರಡುತ್ತೆ ಅಂತ.

ಗೆರೆ_ದಾಟಿದವ:
ಚೀನಾದ ಪಾದ ಕಟ್ಟೋ ಪದ್ಧತಿ ನೂರಾರು ವರ್ಷ ಇತ್ತು, 20ನೇ ಶತಮಾನದ ಮೊದಲಲ್ಲಿ ಎಷ್ಟೋ ಕಡೆ ಒಂದೇ ತಲೆಮಾರಿನಲ್ಲಿ ಹೋಯ್ತು. ಗೆರಿ ಮ್ಯಾಕಿ 1996ರಲ್ಲಿ ಬರೆದಿದ್ದು, ಮಗಳ ಪಾದ ಕಟ್ಟಲ್ಲ, ಮಗನಿಗೆ ಪಾದ ಕಟ್ಟಿದ ಹುಡುಗೀನ ತರಲ್ಲ ಅಂತ ಮನೆತನಗಳು ಒಟ್ಟಿಗೆ ಪ್ರತಿಜ್ಞೆ ಮಾಡೋ ಸಂಘಗಳು ಕೆಲಸ ಮಾಡಿದ್ವು ಅಂತ. ಇದು ಯಾರದೋ ತಪ್ಪು ಹೆಜ್ಜೆ ಅಲ್ಲ. ಜನ ಕೂತು ಮಾತಾಡಿ, ಧೈರ್ಯ ಮಾಡಿ ಬದಲಾಯಿಸಿದ್ದು. ಯಂಗ್ ಮಾಡೆಲ್‌ನಲ್ಲಿ ಸಂಘಟನೆ ಎಲ್ಲಿ? ಎಕನಾಮಿಕ್ಸ್ ಇಲ್ಲಿ ಎಡವುತ್ತೆ, ಸಂಸ್ಥೆಗಳನ್ನ ಬದಲಾಯಿಸೋಕೆ ಹೊರಟವರು ಮಾಡೆಲ್ ಒಳಗೆ ಇರೋದೇ ಇಲ್ಲ.

ಸಮೀಕರಣ:
ಒಟ್ಟಾಗಿ ಹೆಜ್ಜೆ ಇಡೋ ಗುಂಪುಗಳನ್ನ ಸೇರಿಸಿದ ಮಾಡೆಲ್‌ಗಳೂ ಇವೆ. ಆದ್ರೆ ಧೈರ್ಯ ಎಲ್ಲಿಂದ ಬಂತು ಅನ್ನೋದಕ್ಕೆ ನನ್ನ ಹತ್ರ ಸಮೀಕರಣ ಇಲ್ಲ, ಅದು ನಿಜ.

ಮಳೆಬಿಲ್ಲು:
ಕುಟುಂಬದ ಬಗ್ಗೆ ಯಾರೂ ಮಾತಾಡ್ಲಿಲ್ಲ. ಗ್ಯಾರಿ ಬೆಕರ್ ಕಾಲದಿಂದ ಮನೆ ಅಂದ್ರೆ ಒಂದೇ ಯುಟಿಲಿಟಿ, ಒಂದೇ ಜೇಬು. ದುಡ್ಡು ಯಾರ ಕೈಗೆ ಬಂದ್ರೂ ಖರ್ಚು ಒಂದೇ ಥರ ಆಗ್ಬೇಕು. ಬ್ರಿಟನ್‌ನಲ್ಲಿ 1970ರ ದಶಕದ ಕೊನೇಲಿ ಮಕ್ಕಳ ಭತ್ಯೆ ಹೆಚ್ಚಾಗಿ ಗಂಡನ ಸಂಬಳದ ತೆರಿಗೆ ವಿನಾಯಿತಿಯಿಂದ ತಾಯಿ ಕೈಗೆ ಬಂತು. ಲುಂಡ್‌ಬರ್ಗ್, ಪೊಲಾಕ್, ವೇಲ್ಸ್ 1997ರಲ್ಲಿ ನೋಡಿದಾಗ ಹೆಂಗಸರ ಮತ್ತು ಮಕ್ಕಳ ಬಟ್ಟೆ ಮೇಲಿನ ಖರ್ಚು ಗಂಡಸರ ಬಟ್ಟೆಗೆ ಹೋಲಿಸಿದ್ರೆ ಜಾಸ್ತಿ ಆಗಿತ್ತು. ಒಂದೇ ಜೇಬು ಅಲ್ಲ ಅಂತಾಯ್ತು.

ಆಮೇಲೆ ಬಂದ ಚೌಕಾಸಿ ಮಾಡೆಲ್‌ಗಳಲ್ಲಿ ಒಪ್ಪಂದ ಮುರಿದ್ರೆ ಯಾರಿಗೆ ಏನು ಉಳಿಯುತ್ತೆ ಅನ್ನೋದೇ ಮುಖ್ಯ. ಅದನ್ನ ಡಿವೋರ್ಸ್ ಕಾನೂನು ತೀರ್ಮಾನ ಮಾಡುತ್ತೆ, ಆಸ್ತಿ ಹಕ್ಕು ತೀರ್ಮಾನ ಮಾಡುತ್ತೆ, ತವರು ವಾಪಸ್ ಕರೆಯುತ್ತಾ ಅನ್ನೋದೂ ತೀರ್ಮಾನ ಮಾಡುತ್ತೆ. ಅಮರ್ತ್ಯ ಸೇನ್ ಇನ್ನೊಂದು ಹೇಳಿದ್ರು, ತನ್ನ ಹಿತ ಯಾವುದು ಅಂತ ಹೆಣ್ಣು ಅಂದ್ಕೊಳ್ಳೋದನ್ನೇ ಆ ವ್ಯವಸ್ಥೆ ರೂಪಿಸಿರುತ್ತೆ ಅಂತ. ನನ್ನ ಹಿತಾನ ಮನೆಯವರ ಹಿತದಿಂದ ಬೇರೆ ಮಾಡಿ ನೋಡೋಕೇ ಬರದೇ ಇದ್ರೆ ಚೌಕಾಸಿ ಮಾಡೆಲ್‌ಗೆ ಹಾಕೋ ಯುಟಿಲಿಟಿ ಯಾವುದು? ನಂಬಿಕೆ ಅಳೆಯಿರಿ ಅಂದ್ರಲ್ಲ ಮಿಂಚುಳ್ಳಿ, ಅಳೆಯೋ ನಂಬಿಕೇನೇ ಸಂಸ್ಥೆ ಕೊಟ್ಟಿದ್ದು.

ಮಿಂಚುಳ್ಳಿ:
@ಮಳೆಬಿಲ್ಲು ಇದು ನನ್ನ ಮಾತಿಗೆ ಬಂದ ಅತ್ಯಂತ ಕಠಿಣ ಆಕ್ಷೇಪ. ಬೇರೆಯವರು ಏನು ಮಾಡ್ತಾರೆ ಅನ್ನೋ ನಂಬಿಕೆ ಅಳೆಯೋಕಾಗುತ್ತೆ, ನಿಜದ ಜೊತೆ ಹೋಲಿಸಿ ಸರಿ ತಪ್ಪು ನೋಡ್ಬಹುದು. ನನಗೆ ಏನು ಬೇಕು ಅನ್ನೋದಕ್ಕೆ ಹಾಗೆ ಹೋಲಿಸೋಕೆ ಹೊರಗೆ ಏನೂ ಇಲ್ಲ. ಹುಲ್ಲುಗಾವಲಿಗೆ ನನ್ನ ದಾರಿ ನಡೆಯುತ್ತೆ, ಮನೆಯೊಳಗೆ ಅಷ್ಟೊಂದು ನಡೆಯಲ್ಲ.

ಲೆಕ್ಕದ_ಮೇಷ್ಟ್ರು:
15 ಸಣ್ಣ ಸಮಾಜಗಳಲ್ಲಿ ಹೆನ್ರಿಕ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಲ್ಟಿಮೇಟಂ ಗೇಮ್ (ಒಬ್ಬ ದುಡ್ಡಿನ ಪಾಲು ಹೇಳ್ತಾನೆ, ಇನ್ನೊಬ್ಬ ಬೇಡ ಅಂದ್ರೆ ಇಬ್ಬರಿಗೂ ಏನೂ ಇಲ್ಲ) ಕೂಡ ಇದನ್ನೇ ಹೇಳುತ್ತೆ. ಇನ್ನೊಬ್ಬನಿಗೆ ಕೊಡೋಕೆ ಮುಂದಾದ ಪಾಲಿನ ಸರಾಸರಿ ನೂರಕ್ಕೆ 26ರಿಂದ 58ರವರೆಗೆ. ಮಾರುಕಟ್ಟೆ ವ್ಯವಹಾರ ಮತ್ತು ಒಟ್ಟಿಗೆ ದುಡಿಯೋ ಅಭ್ಯಾಸ ಎಲ್ಲಿ ಜಾಸ್ತಿಯೋ ಅಲ್ಲಿ ಪಾಲೂ ಜಾಸ್ತಿ. ಅಭಿರುಚೀನ ಕೊಟ್ಟದ್ದು ಅಂತ ಹಿಡ್ಕೊಂಡು ಸಂಸ್ಥೇನ ವಿವರಿಸೋ ನಮ್ಮ ಅಭ್ಯಾಸಕ್ಕೆ ಇದು ನೇರ ಪೆಟ್ಟು.

ತುಂಬೆಹೂ:
ಎಲ್ಲರಿಗೂ ಧನ್ಯವಾದ, ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ. ನನ್ನ ಅಧ್ಯಾಯಕ್ಕೆ ಹೀಗೆ ಯೋಚಿಸ್ತಿದೀನಿ. ದಂಡದ ಪ್ಯಾರಾಮೀಟರ್ ತೆಗೆದುಹಾಕಿ ಯಾರು ಯಾರನ್ನ ನೋಡ್ತಾರೆ ಅನ್ನೋ ಜಾಲ ಹಾಕೋದು, ಯಾವ ಜಾಲದಲ್ಲಿ ಯಾವ ನಿಯಮ ನಿಲ್ಲೋದೇ ಇಲ್ಲ ಅಂತ ತೋರಿಸೋದು, ನಿಲ್ಲೋ ನಿಯಮಗಳಲ್ಲಿ ಯಾವುದು ಅನ್ನೋದನ್ನ ಥಿಯರಿಯಿಂದ ಹೇಳೋ ಬದಲು ಬಳಕೆದಾರರ ನಿರೀಕ್ಷೆ ಕೇಳಿ ತಿಳ್ಕೊಳ್ಳೋದು. ಆದ್ರೆ ಸುಮ್ನೆ "ಬೇರೆಯವರು ಪಾಲಿಸ್ತಾರಾ" ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ, ಅದನ್ನ ಹೇಗೆ ಕೇಳೋದು?

ಮಿಂಚುಳ್ಳಿ:
ಕ್ರುಪ್ಕಾ ಮತ್ತು ವೆಬರ್ 2013ರ ವಿಧಾನ ನೋಡಿ. ನಿಮ್ಮ ಅಭಿಪ್ರಾಯ ಏನು ಅಂತ ಕೇಳಲ್ಲ. ಒಂದು ಸನ್ನಿವೇಶ ಹೇಳಿ, ಇದನ್ನ ಜನ ಎಷ್ಟು ಸರಿ ಅಂತಾರೆ ಅಂತ ಕೇಳ್ತಾರೆ, ಗುಂಪಿನಲ್ಲಿ ಹೆಚ್ಚಿನವರು ಕೊಟ್ಟ ಉತ್ತರಕ್ಕೇ ನಿಮ್ಮದೂ ಹೊಂದಿದ್ರೆ ದುಡ್ಡು. ಒಳ್ಳೆಯವರ ಥರ ಕಾಣಿಸ್ಕೊಳ್ಳೋ ಆಸೆಗಿಂತ ಉಳಿದವರು ಏನಂತಾರೆ ಅಂತ ಊಹಿಸೋದು ಮುಖ್ಯ ಆಗುತ್ತೆ.

ಆದ್ರೆ ಅದರಿಂದ ಸಿಗೋದು ಏನು ಸರಿ ಅನ್ನೋ ಒಪ್ಪಿಗೆ ಮಾತ್ರ. ಜನ ನಿಜವಾಗ್ಲೂ ಏನು ಮಾಡ್ತಾರೆ ಅನ್ನೋದನ್ನ ಬೇರೆ ಪ್ರಶ್ನೆಯಾಗಿ ಕೇಳಿ, ಅದರ ಉತ್ತರಾನ ನೀವೇ ನೋಡಿದ ಬಳಕೆ ಜೊತೆ ಹೋಲಿಸಿ ದುಡ್ಡು ಕೊಡಿ.

ಹಳೇಪುಟ:
ಕೇಳೋಕೆ ಹೋದಾಗ ಹಳೇ ದಂಡದ ಪುಸ್ತಕ ಏನಾದ್ರೂ ಇಟ್ಟಿದಾರಾ ಅಂತಾನೂ ವಿಚಾರಿಸಿ. ಯಾರಿಗೆ, ಯಾವಾಗ, ಎಷ್ಟು, ಯಾರು ದೂರು ಕೊಟ್ರು ಅಂತ ಬರೆದಿದ್ರೆ ನಿಮ್ಮ ಜಾಲ ಅದರಲ್ಲೇ ಸಿಗುತ್ತೆ. ಮುಖ್ಯವಾಗಿ ದೂರು ಕೊಟ್ಟವನ ಕಾಲಂ.